ಮುನಿವೆಂಕಟಮ್ಮ ಮತ್ತು ಅಸ್ತು ದೇವತೆಗಳು

ಚಿನ್ನದ ಗಣಿ ಮುಚ್ಚಿ ಅದರ ಸೈರನ್ ನಿಂತ ಮೇಲೆ ಊರಿಗಾಂನ ಕಾರ್ಮಿಕರ ಲೈನುಮನೆಗಳನ್ನು ಎಬ್ಬಿಸುವ ಜವಾಬ್ದಾರಿ ಮುನಿವೆಂಕಟಮ್ಮನ ಗಂಟಲಿಗೆ ಬಿತ್ತು. ಕಾಮಸಮುದ್ರದ ಕಡೆಯಿಂದ ಬರುವ ದಂಟಿನ ಸೊಪ್ಪನ್ನು ತಲೆಯ ಮೇಲೆ ಹೊತ್ತು ಆಕೆ ಒಂದು ಕೂಗು ಹಾಕಿದರೆ ಹಿಂದಿನ ಸಾಲಿನ ಮಕ್ಕಳು ಅಳುತ್ತಿದ್ದವು, ಅದರ ಹಿಂದಿನ ಸಾಲಿನ ನಾಯಿಗಳು ಏಳುತ್ತಿದ್ದವು. ಆಕೆಯ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಅದೂ ಕೇವಲ ಶಿಷ್ಟಾಚಾರಕ್ಕೆ ಇತ್ತು.

ಇಂಥ ಗಂಟಲಿನ ಹೆಂಗಸು ಹೆದರುತ್ತಿದ್ದುದು ಅಸ್ತು ದೇವತೆಗಳಿಗೆ ಮಾತ್ರ. ದೀಪ ಹಚ್ಚುವ ಹೊತ್ತಿಗೆ ಅವರು ಆಕಾಶದಲ್ಲಿ ಸಂಚಾರ ಹೊರಡುತ್ತಾರೆ, ಕೆಳಗೆ ಯಾರು ಏನೆಂದರೂ ‘ಅಸ್ತು’ ಎಂದು ಮಂಜೂರು ಮಾಡಿ ಮುಂದೆ ಹೋಗುತ್ತಾರೆ. ಆದ್ದರಿಂದ ಸಂಜೆ ಡಬ್ಬಿ ಬರಿದಾಗಿದ್ದರೂ ಆಕೆ, “ಅಕ್ಕಿ ತುಂಬ್ಕೊಂಡೈತೆ ಮೇಷ್ಟ್ರೇ, ಒಂದ್ ಪಾವು ಕೊಡಿ,” ಎಂದೇ ಕೇಳುತ್ತಿದ್ದಳು.

ಮಗಳು ಶೋಭಾ ಬಿ.ಕಾಂ. ಮುಗಿಸಿ ಮನೆಯಲ್ಲಿದ್ದಳು. ಆಗ ಸರ್ಕಾರ ದಯೆತೋರಿ ಕೆಲಸವಿಲ್ಲದ ಪದವೀಧರರಿಗೆ ಭತ್ಯೆ ಕೊಡುವ ನಿಯಮ ಮಾಡಿತು, ಎರಡು ವರ್ಷ ಮಾತ್ರ. ಆ ಮೇಲೂ ಕೆಲಸ ಸಿಗದವರು ಏನಾಗಬೇಕೆಂಬ ಬಗ್ಗೆ ನಿಯಮ ಗಂಭೀರ ಮೌನ ತಾಳಿತ್ತು. ಆ ಹಣದಿಂದ ಶೋಭಾ ಬಂಗಾರಪೇಟೆಯಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಕೋರ್ಸಿಗೆ ಸೇರಿದಳು. ಆ ಎರಡು ವರ್ಷದ ಗಡುವಿನೊಳಗೆ ಕೋರ್ಸು ಮುಗಿಸಿದರೆ ಅಲ್ಲಿನ ಅಕ್ಕಿ ಗಿರಣಿಯೊಂದರವರು ಕೆಲಸ ಕೊಡುವುದಾಗಿ ಹೇಳಿದ್ದರು.

ಭತ್ಯೆಗೆ ಒಂದು ಷರತ್ತಿತ್ತು. ‘ನನಗೆ ಇನ್ನೂ ಕೆಲಸ ಸಿಕ್ಕಿಲ್ಲ’ ಎಂದು ತಿಂಗಳು ತಿಂಗಳೂ ಘೋಷಿಸಬೇಕು. ಈ ಘೋಷಣೆ ನಡೆಯುತ್ತಿದ್ದುದು ನನ್ನ ಕಂಪ್ಯೂಟರಿನಲ್ಲಿ, ಶೋಭಾ ಕ್ಲಾಸು ಮುಗಿಸಿ ಬಂದ ಮೇಲೆ, ಅಂದರೆ ಸರಿಯಾಗಿ ಅಸ್ತು ದೇವತೆಗಳ ಡ್ಯೂಟಿ ವೇಳೆಯಲ್ಲಿ.

“ಈಗ್ ಬೇಡ ಮೇಷ್ಟ್ರೇ! ದೀಪ ಅಚ್ಚೋ ಒತ್ತು. ಕೆಲ್ಸ ಇಲ್ಲ ಅಂದ್ರೆ ಅದುಕ್ಕೂ ಅಸ್ತು ಅಂದ್ಬುಡ್ತಾರೆ!”

“ಸರ್ವರ್ ಈಗ್ಲೇ ಸಿಕ್ಕಿರೋದು, ಸುಮ್ನಿರಮ್ಮ,” ಎನ್ನುವಳು ಶೋಭಾ.

ನಾನು ಗುಂಡಿ ಒತ್ತಿದ ಕೂಡಲೇ ಮುನಿವೆಂಕಟಮ್ಮ ಬೀದಿಗೆ ಹೋಗಿ, ಆಕಾಶಕ್ಕೆ ಮುಖವೆತ್ತಿ ತಿದ್ದುಪಡಿ ಹೊರಡಿಸುತ್ತಿದ್ದಳು: “ನನ್ ಮಗಳ್ಗೆ ಕೆಲ್ಸ ಸಿಕ್ಕೈತೆ! ದೊಡ್ಡ್ ಆಪೀಸು! ಫ್ಯಾನ್ ಕೆಳ್ಗೇ ಕುರ್ಚಿ!”

ದೇವತೆಗಳಿಗೆ ಕೇಳಿಸಿತೋ ಇಲ್ಲವೋ, ಲೈನಿಗೆಲ್ಲ ಕೇಳಿಸಿತು. ಯಾರೋ ಪುಣ್ಯಾತ್ಮರು ಭತ್ಯೆ ಕೊಡುವ ಕಚೇರಿಗೂ ಮುಟ್ಟಿಸಿದರು. ಒಂದು ಸಂಜೆ ವಿಚಾರಣೆಗೆಂದು ಒಬ್ಬಾತ ಬಂದ. ಶೋಭಾ ಇನ್ನೂ ಬಂದಿರಲಿಲ್ಲ. ಮುನಿವೆಂಕಟಮ್ಮ ಆಗತಾನೆ ದೀಪ ಹಚ್ಚಿದ್ದಳು.

“ಮಗಳಿಗೆ ಕೆಲ್ಸ ಇದೆಯೋ ಇಲ್ವೋ? ಒಂದೇ ಮಾತು ಹೇಳಮ್ಮ.”

ಆಕೆ ಬಾಯಿ ತೆರೆದಳು. ದೀಪದ ಕಡೆ ನೋಡಿದಳು. ಬಾಯಿ ಮುಚ್ಚಿದಳು.

“ಬೆಳಗ್ಗೆ ಬನ್ನಿ ಸಾಮಿ, ಯೋಳ್ತೀನಿ.”

“ಬೆಳಿಗ್ಗೆ ನನಗೆ ಬೇರೆ ಊರಿದೆ. ಈಗ್ಲೇ ಹೇಳು.”

“ಈಗ್ ಅನ್ನಂಗಿಲ್ಲ ಸಾಮಿ.”

“ಇಲ್ಲ, ಆ ಹುಡುಗಿಗೆ ಕೆಲಸ ಇಲ್ಲ,” ಎಂದೆ ನಾನು. ನೀವು ಮನೆಯವರಾ ಎಂದು ಕೇಳಿದ. ಪಕ್ಕದ ಗೋಡೆಯವನು ಎಂದೆ. ಗೋಡೆಯವರಿಗೆ ನಿಯಮದಲ್ಲಿ ಜಾಗವಿರಲಿಲ್ಲ.

ಭತ್ಯೆ ನಿಂತಿತು. ಶೋಭಾ ಮರುದಿನದಿಂದಲೇ ಕಚೇರಿಗೆ ಅಲೆದಳು. ವಿಚಾರಣೆ ನಿಧಾನವಾಗಿ, ಘನತೆಯಿಂದ ನಡೆಯಿತು; ಗಡುವು ಮಾತ್ರ ಯಾರಿಗೂ ಕಾಯದೆ ಓಡಿತು. ಆಕೆಗೆ ಕೆಲಸವಿಲ್ಲವೆಂದು ಕೊನೆಗೂ ಸಾಬೀತಾದ ದಿನ, ಎರಡು ವರ್ಷ ಮುಗಿದಿದೆ ಎಂದರು. ಕೋರ್ಸು ಅರ್ಧಕ್ಕೇ ನಿಂತಿತು. ಗಿರಣಿಯವರು ಬೇರೆಯವರನ್ನು ತೆಗೆದುಕೊಂಡರು. ಶೋಭಾ ತಾಯಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು. ಮುನಿವೆಂಕಟಮ್ಮ ಸೊಪ್ಪು ಕೂಗುವುದನ್ನು ಬಿಟ್ಟು, ಬಾಗಿಲು ತಟ್ಟಿ ಮಾರತೊಡಗಿದಳು. ಸ್ವಲ್ಪ ದಿನಕ್ಕೆ ತಾಯಿ ಮಗಳು ಇಬ್ಬರೂ ಮನೆ ಖಾಲಿ ಮಾಡಿ ಕಾಮಸಮುದ್ರದಲ್ಲಿದ್ದ ಮುನಿವೆಂಕಟಮ್ಮನ ತಮ್ಮನ ಮನೆಗೆ ಹೋದರು. ಈಗ ಲೈನಿನವರು ತಡವಾಗಿ ಏಳುತ್ತಾರೆ.

ಕಳೆದ ತಿಂಗಳು ಬಂಗಾರಪೇಟೆ ಬಸ್ ನಿಲ್ದಾಣದಲ್ಲಿ ಮುನಿವೆಂಕಟಮ್ಮ ಸಿಕ್ಕಳು. ಅಂಗಡಿಗಳಲ್ಲಿ ದೀಪಗಳು ಹತ್ತುತ್ತಿದ್ದವು. ಹೊತ್ತು ಗೊತ್ತಿಲ್ಲದೆ, “ಶೋಭಾಗೆ ಏನಾದ್ರೂ ಕೆಲಸ ಆಯ್ತಾ?” ಎಂದು ಕೇಳಿಬಿಟ್ಟೆ. ಕೇಳಿದ ಮೇಲೆ, ನಿಲ್ದಾಣವೇ ಅದುರುವಂಥ ಕೂಗಿಗೆ ಕಿವಿಯನ್ನು ಸಿದ್ಧಮಾಡಿಕೊಂಡು ನಿಂತೆ. ಆಕೆ ಮೇಲಕ್ಕೆ ನೋಡಲೂ ಇಲ್ಲ.

“ಬೆಳಗ್ಗೆ ಕೇಳಿ ಮೇಷ್ಟ್ರೇ,” ಎಂದು ಪಿಸುಗುಟ್ಟಿ ಬಸ್ಸು ಹತ್ತಿದಳು.

ಬಸ್ಸು ಮರೆಯಾಯಿತು. ದೇವತೆಗಳನ್ನೂ ಸರ್ಕಾರವನ್ನೂ ಒಂದೇ ಪ್ರಮಾಣದಲ್ಲಿ ನಂಬುವ ನಾನು ಆಕಾಶದ ಕಡೆ ತಿರುಗಿ, ನನಗಿರುವಷ್ಟು ಗಂಟಲಿನಲ್ಲಿ, “ಶೋಭಾಗೆ ಕೆಲಸ ಸಿಕ್ಕಿದೆ,” ಎಂದೆ.

ಪಕ್ಕದಲ್ಲಿ ನಿಂತಿದ್ದ ಹುಡುಗ ತಟ್ಟನೆ ತಿರುಗಿದ.

“ಎಲ್ಲಿ ಸಾರ್? ಇನ್ನೂ ತಗೊಂತಾವ್ರಾ?”