ಹ್ಯಾಂಗ್‌ಫೈರ್ ತಾತ

"ಅಮ್ಮಾ, ಕೆಳಗಿನ ಮನೆ ತಾತ ಎಷ್ಟು ಜನ ಕಳ್ಳರಿಗೆ ಗುಂಡು ಹೊಡೆದಿದ್ದಾರೆ?" ಬೆಳಿಗ್ಗೆ ಶೂ ಹಾಕಿಸಿಕೊಳ್ಳುತ್ತಾ ಮಗಳು ಕೇಳಿದಳು.

"ಇಲ್ಲೀವರೆಗೆ ಒಂದು ತಗಡಿನ ಚಾವಣಿಗೆ" ಎಂದೆ.

ತಾತ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕೂರುವ ಕಾವಲುಗಾರ. ಸೈನ್ಯದಲ್ಲಿದ್ದದ್ದು ನಿಜ, ಅಡುಗೆಯ ಉಗ್ರಾಣದಲ್ಲಿ, ಈರುಳ್ಳಿ ಮೂಟೆಗಳ ನಡುವೆ. ಅದನ್ನೂ ನಡುವೆಯೇ ಬಿಟ್ಟು ಬಂದವರು. ಬಾಯಲ್ಲಿ ಮಾತ್ರ ಸದಾ ಒಂದೇ ಪದ: ಹ್ಯಾಂಗ್‌ಫೈರ್. ಟ್ರಿಗರ್ ಎಳೆದರೂ ಗುಂಡು ತಕ್ಷಣ ಹಾರದೆ, ಒಳಗೇ ತಡೆದು, ಆಮೇಲೆ ಹಾರುವುದು. ಹಾಗಾದರೆ ಬಂದೂಕನ್ನು ಗುರಿಯ ಕಡೆಗೇ ಹಿಡಿದು ಮೂವತ್ತು ಎಣಿಸಬೇಕಂತೆ. ಮೆಟ್ಟಿಲ ಮೇಲೆ ಎಷ್ಟು ಸಲ ಕೇಳಿದ್ದೇನೆಂದರೆ, ನಿದ್ದೆಯಿಂದ ಎಬ್ಬಿಸಿದರೂ ಒಪ್ಪಿಸಿಬಿಡುತ್ತೇನೆ. ಒಲೆ ಹೊತ್ತದಿದ್ದರೆ ಹ್ಯಾಂಗ್‌ಫೈರ್. ನನ್ನ ಸ್ಕೂಟರ್ ಸ್ಟಾರ್ಟ್ ಆಗದಿದ್ದರೆ ಹ್ಯಾಂಗ್‌ಫೈರ್. ಹೆಂಡತಿ ಉತ್ತರ ಕೊಡದೆ ಕೂತರೂ ಅದೇ.

"ನಲವತ್ತು ವರ್ಷದಿಂದ ಎಣಿಸ್ತಾನೇ ಇದಾರೆ, ನಾನಿನ್ನೂ ಹಾರಿಲ್ಲ" ಎಂದು ಆಕೆ ಒಮ್ಮೆ ಸೊಪ್ಪು ಬಿಡಿಸುತ್ತಾ ನಕ್ಕಿದ್ದರು.

ಹೋದ ಸೋಮವಾರ ಕಾವಲುಗಾರರಿಗೆ ವರ್ಷಕ್ಕೊಮ್ಮೆ ಗುಂಡು ಹಾರಿಸುವ ಪರೀಕ್ಷೆ. ಇವರು ಟ್ರಿಗರ್ ಎಳೆದರು, ಸದ್ದಿಲ್ಲ. ಮಹಾನುಭಾವರು ಎಣಿಸಿದರೇ? ಬಂದೂಕಿನ ಸಮೇತ ಹಿಂದಕ್ಕೆ ತಿರುಗಿ, "ನೋಡ್ರಪ್ಪಾ, ಇದಕ್ಕೇ ಹ್ಯಾಂಗ್‌ಫೈರ್ ಅನ್ನೋದು" ಎಂದು ಸಾಲಿನಲ್ಲಿದ್ದವರಿಗೆ ಪಾಠಕ್ಕೆ ನಿಂತರು. ಮಾತು ಮುಗಿಯುವಷ್ಟರಲ್ಲಿ ಗುಂಡು ಹಾರಿ, ಪರೀಕ್ಷೆಗೆ ಬಂದಿದ್ದ ಅಧಿಕಾರಿಯ ತಲೆಯ ಮೇಲಿನ ತಗಡು ತೂತಾಯಿತು.

ಬಂದೂಕು ಕಿತ್ತುಕೊಂಡು ಮನೆಗೆ ಕಳಿಸಿದ್ದಾರೆ. ನಾಳೆಯೊಳಗೆ ಬರಹದಲ್ಲಿ ವಿವರಣೆ ಕೊಡಬೇಕು, ಅದು ಒಪ್ಪಿಗೆಯಾಗದಿದ್ದರೆ ಕೆಲಸ ಹೋಯಿತು. ಈ ವಯಸ್ಸಿಗೆ ಬೇರೆ ಯಾರೂ ಕರೆಯುವುದಿಲ್ಲ. ಮನೆ ಬಾಡಿಗೆ, ಆಕೆಯ ಮಂಡಿನೋವಿನ ಮಾತ್ರೆ ಎಲ್ಲಾ ಅದರಿಂದಲೇ. ಇವತ್ತು ಮಧ್ಯಾಹ್ನ ತಾತ ಬಾಗಿಲು ತಟ್ಟಿದಾಗ ಆಕೆಯನ್ನು ನೆನೆದು ತೆರೆದೆ. ಇವರನ್ನು ನೆನೆದಿದ್ದರೆ ತೆರೆಯುತ್ತಿರಲಿಲ್ಲ.

ಮಗಳ ಪುಟ್ಟ ಕುರ್ಚಿಯಲ್ಲೇ ಕೂತು ಬಿಳಿ ಹಾಳೆ ಚಾಚಿದರು.

"ನಿನ್ನ ಅಕ್ಷರ ದುಂಡಗಿದೆ ತಾಯೀ, ಸ್ವಲ್ಪ ಬರ್ಕೊಡು."

"ಏನಂತ ಬರೀಲಿ? ಎಣಿಸ್ಲಿಲ್ಲ, ತಪ್ಪಾಯ್ತು ಅಂತಾನಾ?"

"ಛೆ, ಅದೆಲ್ಲಾ ಬೇಡ." ಹೆಂಡತಿಗೆ ಕೇಳಿಸೀತೆಂದು ಮೆಟ್ಟಿಲ ಕಡೆ ನೋಡಿ ದನಿ ತಗ್ಗಿಸಿದರು. "ಹ್ಯಾಂಗ್‌ಫೈರ್ ಅಂದ್ರೇನು ಅಂತ ಈ ಜನ್ಮದಲ್ಲಿ ಯಾರೂ ನನಗೆ ಹೇಳ್ಕೊಟ್ಟಿಲ್ಲ ಅಂತ ಬರೆದುಬಿಡು."