ಹವಳ ಕಟ್ಟುವ ಬುತ್ತಿ

ಉಪ್ಪುನೀರಿನಲ್ಲಿ ನೆನೆದು ನೆನೆದು ಅಕ್ಕೋರ ಬೆರಳ ತುದಿಗಳು ಸದಾ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಅದೇ ಬೆರಳುಗಳಿಂದ ಬೆಳಗ್ಗೆ ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿಯ ಜೊತೆ ಬಟ್ಟೆಯಲ್ಲಿ ಗಂಟು ಕಟ್ಟಿ, ಅಮೆರಿಕದ ಬರ್ಕ್ಲಿಯ ನಮ್ಮ ಲ್ಯಾಬಿಗೆ ತರುತ್ತಿದ್ದರು. ಅವರು ಹವಳಗಳ ವಿಜ್ಞಾನಿ. ನಾನು ಅವರ ಕೈಕೆಳಗೆ ತೊಟ್ಟಿ ತೊಳೆಯುವ ಟೆಕ್ನಿಷಿಯನ್. ಅವರು ಧಾರವಾಡದವರು, ನಾನು ಹುಬ್ಬಳ್ಳಿಯವಳು. ನಮ್ಮ ಕಡೆ ಶಾಲೆಯ ಟೀಚರನ್ನು ಕರೆಯುವಂತೆ ಮೊದಲ ದಿನವೇ ಬಾಯಿತಪ್ಪಿ ‘ಅಕ್ಕೋರ’ ಎಂದಿದ್ದೆ. ಕೆಲವೇ ದಿನಗಳಲ್ಲಿ ಲ್ಯಾಬಿನ ಅಮೆರಿಕನ್ ಹುಡುಗರೂ ಹಾಗೇ ಕರೆಯತೊಡಗಿದರು. ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ ಎಂದು ತಿಳಿದ ದಿನ, “ಹುಬ್ಬಳ್ಳ್ಯಾಗ ಹುಟ್ಟಿ ಏನ ಕಲತಿ?” ಎಂದು ಬೈದು ಮನೆಗೆ ಕರೆದೊಯ್ದು ಕಲಿಸಿದರು.

ಹವಳ ಕಲ್ಲಲ್ಲ, ಪ್ರಾಣಿ ಎಂದು ತಿಳಿಸಿಕೊಟ್ಟವರೂ ಅವರೇ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಮನೆಮಾಡಿಕೊಂಡು, ಬೆಳಕಿನಿಂದ ಅಡುಗೆ ಮಾಡಿ ಹವಳಕ್ಕೆ ಉಣಿಸುತ್ತದೆ. ನೀರು ಬಿಸಿಯೇರಿದರೆ ಆ ಪಾಚಿ ಹೊರಟುಹೋಗುತ್ತದೆ. ಹವಳ ಬೆಳ್ಳಗಾಗಿ ಹಸಿವಿನಿಂದ ಸಾಯುತ್ತದೆ.

“ಭಾಳ ಹವಳ ಮಕ್ಕಳನ್ನ ಬರಿಗೈಲೆ ಸಮುದ್ರಕ್ಕ ಬಿಡತಾವು. ಪಾಚಿ ತಾವ ಹುಡುಕ್ಕೋಬೇಕು,” ಎನ್ನುತ್ತಿದ್ದರು. ಆಮೇಲೆ ಮೂಲೆಯ ತೊಟ್ಟಿಯ ಕಂದು ಹವಳದ ಕಡೆ ಕೈ ತೋರಿಸಿ, “ನಮ್ಮಾಕಿ ಹಂಗಲ್ಲ ತಂಗಿ. ತತ್ತಿಯೊಳಗ ಪಾಚಿ ಇಟ್ಟು ಬುತ್ತಿ ಕಟ್ಟಿ ಕಳಸ್ತಾಳ.” ಬುತ್ತಿ ಕಟ್ಟದೆ ಯಾರನ್ನೂ ಮನೆಯಿಂದ ಬಿಡದ ಹೆಂಗಸು ಅವರು. ನಲ್ಲಿ ರಿಪೇರಿಗೆ ಬಂದವನೂ ರೊಟ್ಟಿ ಗಂಟು ಹಿಡಿದೇ ಹೋಗಬೇಕಿತ್ತು.

ಹವಳ ಮೊಟ್ಟೆ ಬಿಡುವುದು ಕತ್ತಲಾದ ಮೇಲೆ, ಅದೂ ಚಂದ್ರನನ್ನು ನೋಡಿಕೊಂಡು. ನಮ್ಮ ಅನುಕೂಲಕ್ಕೆಂದು ಲ್ಯಾಬಿನ ಕೋಣೆಯಲ್ಲಿ ಮಧ್ಯಾಹ್ನವೇ ಕತ್ತಲು ಮಾಡಿ, ಚಂದ್ರನ ಬದಲು ಎಲ್‌ಇಡಿ ದೀಪ ಹೊತ್ತಿಸುತ್ತಿದ್ದೆವು. ಸಂಕಷ್ಟಿಯ ದಿನ ಹೊರಗೆ ಮಂಜು ಮುಸುಕಿದ್ದರೆ ಅಕ್ಕೋರು ಆ ದೀಪಕ್ಕೇ ಕೈಮುಗಿದು ಮೂರು ಗಂಟೆಗೇ ಉಪವಾಸ ಬಿಡುತ್ತಿದ್ದರು. ನಾನು ನಕ್ಕರೆ, “ಇದನ್ನ ನಂಬಿ ಹವಳ ಹಡೀತಾವು, ಗಣಪ್ಪ ನಂಬೂದಿಲ್ಲೇನು?” ಎನ್ನುತ್ತಿದ್ದರು.

ಅವರ ತಾಯಿ, ಚಿಕ್ಕಮ್ಮ ಇಬ್ಬರೂ ಸ್ತನದ ಕ್ಯಾನ್ಸರಿನಿಂದ ಹೋದವರು. ಹೋದ ವರ್ಷ ಅಕ್ಕೋರಿಗೂ ಅದೇ ಬಂತು. ಇದು ವಂಶದಲ್ಲಿ ಇಳಿದು ಬರುವಂಥದ್ದು, ಮಗಳೂ ಜೀನ್ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದರು ಓಕ್ಲ್ಯಾಂಡಿನ ಡಾಕ್ಟರು. ಒಬ್ಬಳೇ ಮಗಳು, ಸ್ಯಾನ್ ಹೊಸೆಯಲ್ಲಿ ಕೆಲಸದಲ್ಲಿದ್ದಳು. ತಮ್ಮ ಕಾಯಿಲೆಗೆ ಜಗ್ಗದ ಅಕ್ಕೋರು ಆ ಮಾತಿಗೆ ಕುಸಿದುಹೋದರು.

ಅದೇ ವರ್ಷದ ಬೇಸಿಗೆಯಲ್ಲಿ ನೀರು ತಂಪು ಮಾಡುವ ಯಂತ್ರ ಕೆಟ್ಟು, ಮೂಲೆಯ ಹವಳ ಅರ್ಧಕ್ಕರ್ಧ ಬೆಳ್ಳಗಾಯಿತು. ಆದರೂ ಮೊಟ್ಟೆ ಬಿಟ್ಟಿತು. ಕೂದಲುದುರಿದ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಬಂದ ಅಕ್ಕೋರು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮೊಟ್ಟೆಗಳೊಳಗೆ ಪಾಚಿಯ ಕಂದು ಚುಕ್ಕೆಗಳಿದ್ದವು. ನಾವೆಲ್ಲ ಚಪ್ಪಾಳೆ ಹೊಡೆದೆವು. ಅಷ್ಟು ಬಿಸಿ ತಿಂದು ಉಳಿದ ತಾಯಿ, ಬಿಸಿ ತಡೆಯುವ ಪಾಚಿಯನ್ನೇ ಕೊಟ್ಟಿರಬಹುದು ಎಂಬ ಆಸೆ ನಮಗೆ. ಆದರೆ ಪರೀಕ್ಷೆ ಮಾಡಿದಾಗ ಅದೇ ಹಳೆಯ ಜಾತಿ, ಬಿಸಿಗೆ ತಾಯಿಯನ್ನು ಬಿಟ್ಟೋಡಿದ್ದೇ.

“ತಾಯಿಗೆ ಆರಿಸಿ ಕಟ್ಟಾಕ ಬರೂದಿಲ್ಲ ತಂಗಿ,” ಎಂದರು ಅಕ್ಕೋರು. “ಇದ್ದದ್ದ ಕಟ್ಟತಾಳ. ನಾ ನನ್ನ ಮಗಳಿಗೆ ಏನ ಕಟ್ಟೇನೋ ಏನೋ.” ತೊಟ್ಟಿಯ ಅಂಚು ಹಿಡಿದು ಅತ್ತರು.

ಮುಂದಿನ ವಾರ ಮಗಳ ಫೋನು ಬಂತು. ನೆಗೆಟಿವ್. ಅಕ್ಕೋರು ಮರುದಿನ ನಿಲ್ಲಲು ತ್ರಾಣವಿಲ್ಲದಿದ್ದರೂ ಹೋಳಿಗೆ ಮಾಡಿ ಇಡೀ ಲ್ಯಾಬಿಗೆ ಹಂಚಿದರು. ಬಿಸಿನೀರಿನಲ್ಲಿಟ್ಟು ನೋಡಿದ ಹವಳದ ಮರಿಗಳು ಒಂದೊಂದಾಗಿ ಬೆಳ್ಳಗಾಗಿ ಸತ್ತಾಗ, “ಹೋಗ್ಲಿ ಬಿಡು. ನನ್ನ ಕೂಸು ಉಳೀತಲ್ಲ,” ಎಂದುಬಿಟ್ಟರು. ಹವಳದ ಬಗ್ಗೆ ಅವರ ಬಾಯಲ್ಲಿ ಅಂಥ ಮಾತು ಹಿಂದೆ ಕೇಳಿರಲಿಲ್ಲ. ಚಳಿಗಾಲ ಮುಗಿಯುವ ಮೊದಲೇ ತೀರಿಕೊಂಡರು. ನೆಮ್ಮದಿಯಿಂದ ಹೋದರು, ಅದನ್ನು ನಾನೇ ಕಣ್ಣಾರೆ ಕಂಡೆ.

ಹೋದ ವಾರ ತಾಯಿಯ ಸಾಮಾನು ಒಯ್ಯಲು ಮಗಳು ಲ್ಯಾಬಿಗೆ ಬಂದಿದ್ದಳು. ನಾನು ರೊಟ್ಟಿ ಗಂಟು ಕೈಗಿಟ್ಟೆ. ಅದನ್ನು ಹಿಡಿದುಕೊಂಡು ಮೂಲೆಯ ತೊಟ್ಟಿಯ ಮುಂದೆ ಹೋಗಿ ನಿಂತಳು.

“ಅಮ್ಮಂಗೆ ನೆಗೆಟಿವ್ ಅಂತ ಹೇಳ್ದೆ ಆಂಟಿ,” ಎಂದಳು. “ಇಟ್ ವಾಸಂಟ್.”

ಕ್ಯಾನ್ಸರ್ ಬಾರದಂತೆ ಮಾಡುವ ಆಪರೇಷನ್ನು ಆಗಲೇ ಮಾಡಿಸಿಕೊಂಡಿದ್ದರೆ ತಾಯಿಗೆ ಗೊತ್ತಾಗುತ್ತಿತ್ತು. ಅದಕ್ಕೇ ಕಾದಿದ್ದಳು. ಮುಂದಿನ ತಿಂಗಳು ಎರಡೂ ಸ್ತನ ತೆಗೆಸುತ್ತಾಳೆ. ಆಸ್ಪತ್ರೆಗೆ ಯಾರು ಜೊತೆಗೆ ಬರುತ್ತಾರೆ ಎಂದು ಕೇಳಿದೆ. ತಲೆಯಾಡಿಸಿದಳು, ಯಾರೂ ಇಲ್ಲ.

ನನ್ನ ರೊಟ್ಟಿ ಇನ್ನೂ ಅಕ್ಕೋರ ರೊಟ್ಟಿಯಷ್ಟು ತೆಳ್ಳಗೆ ಬರುವುದಿಲ್ಲ. ಆಪರೇಷನ್ನಿನ ದಿನ ಬೆಳಗ್ಗೆ ಬೇಗ ಎದ್ದು ಬಡಿದು, ಕಟ್ಟಿಕೊಂಡು ಹೋಗುತ್ತೇನೆ.