ಹೊತ್ತಿಗೆ ಮೊದಲೇ ಮುಟ್ಟಿದ ಟಪಾಲು

ಓಟವನ್ನೇ ಉದ್ಯೋಗ ಮಾಡಿಕೊಂಡು ಹನ್ನೆರಡು ವರ್ಷ ಹೊಟ್ಟೆ ಹೊರೆದವನು ನಾನು. ಹೀಗೆಂದರೆ ಈಗಿನವರು ಪದಕ ಎಲ್ಲಿ, ಗೆದ್ದ ಕಪ್ಪು ಎಲ್ಲಿ ಎಂದು ಗೋಡೆ ನೋಡುತ್ತಾರೆ. ನನ್ನದು ಆ ಓಟವಲ್ಲ. ಚನ್ನರಾಯಪಟ್ಟಣದಿಂದ ನುಗ್ಗೇಹಳ್ಳಿಗೆ ಹೋಗುವ ಕಾಗದಗಳ ಚೀಲವನ್ನು ಹೆಗಲಿಗೇರಿಸಿಕೊಂಡು ಓಡುವುದು, ಅಲ್ಲಿಂದ ಬಂದ ಚೀಲವನ್ನು ಓಡಿ ತರುವುದು. ಸರ್ಕಾರದ ಕಡತದಲ್ಲಿ ನಾವು ರನ್ನರುಗಳು. ನಮ್ಮಪ್ಪನ ಬಾಯಲ್ಲಿ ನಾವು ಬೇರೆಯೇ. ಕೊಬ್ಬರಿ ವ್ಯಾಪಾರದ ಮನೆಯ ಮಗ ಅಂಗಡಿಯಲ್ಲಿ ಕೂತು ತಕ್ಕಡಿ ಹಿಡಿಯುವುದು ಬಿಟ್ಟು ಬರಿಗಾಲಲ್ಲಿ ರಸ್ತೆ ಓಡುತ್ತಾನೆಂದು ಅವರಿಗೆ ತಲೆ ತಗ್ಗಿಸುವಂತಾಗಿತ್ತು. “ಯಾರಾನ ಅಟ್ಟುಸ್ಕಂಡು ಬಂದ್ರೆ ಮನುಷ್ಯ ಓಡ್ತಾನೆ. ನಿನ್ನ ಯಾರು ಅಟ್ಟುಸ್ಕಂಡ್ ಬತ್ತಾವ್ರೆ?” ಎಂದು ಕೇಳಿದರು.

ಯಾರೂ ಇರಲಿಲ್ಲ. ಕೂತರೆ ಕಾಲು ಜುಮ್ಮೆನ್ನುತ್ತಿತ್ತು, ಅಷ್ಟೆ. ಆಗ ನನಗೆ ಇಪ್ಪತ್ತೆರಡು, ಮದುವೆಯಾಗಿ ಆರು ತಿಂಗಳು. ಎರಡನೆಯ ಮಹಾಯುದ್ಧ ಶುರುವಾಗಲು ಇನ್ನೂ ಎರಡು ಮೂರು ವರ್ಷ ಇತ್ತು. ಕೆಲಸ ಸಿಕ್ಕಿದ ದಿನ ಪೋಸ್ಟ್ ಮಾಸ್ಟರು ನನಗೊಂದು ಚರ್ಮದ ಪಟ್ಟಿ, ಖಾಕಿ ರುಮಾಲು, ಅಲಗಿನ ಕೆಳಗೆ ಗೆಜ್ಜೆ ಕಟ್ಟಿದ ಒಂದು ಈಟಿ ಕೊಟ್ಟು, ಈಟಿ ಇರುವುದು ಕಳ್ಳರಿಗೆ ಮತ್ತು ಚಿರತೆಗೆ ಎಂದರು. ನಾನು ಓಡಿದ ದಾರಿಯಲ್ಲಿ ರಾಗಿ ಹೊಲ, ತೆಂಗಿನ ತೋಟ, ಎರಡು ಕೆರೆ ಏರಿ, ಬೇಕಾದಷ್ಟು ಜಾಲಿಮುಳ್ಳು ಇದ್ದವು. ಚಿರತೆ ಒಂದೂ ಸಿಗಲಿಲ್ಲ. ಈಟಿಯನ್ನು ನಾನು ತೋರಿಸಿದ್ದು ನಾಯಿಗಳಿಗೆ, ಅದೂ ಹಿಂದುಮುಂದಾಗಿ ಹಿಡಿದು.

ಹನ್ನೆರಡು ಮೈಲಿ ದಾರಿಗೆ ಇಬ್ಬರು ರನ್ನರುಗಳು. ಬೆಳಿಗ್ಗೆ ಏಳಕ್ಕೆ ಈ ಕಡೆಯಿಂದ ನಾನು ಹೊರಡಬೇಕು; ಅದೇ ಏಳಕ್ಕೆ ನುಗ್ಗೇಹಳ್ಳಿಯಿಂದ ಇನ್ನೊಬ್ಬರು. ಆರನೆಯ ಮೈಲಿಕಲ್ಲಿನ ಹತ್ತಿರ ನಾಲ್ಕು ಕಂಬದ ಹಳೆಯ ಮಂಟಪ. ಅಲ್ಲಿ ಚೀಲಗಳನ್ನು ಅದಲುಬದಲು ಮಾಡಿಕೊಂಡು ಅವರವರ ಊರಿಗೆ ವಾಪಸ್ಸು. ಚೀಲ ಹೊರಟ ಹೊತ್ತನ್ನು ಒಂದು ಆಫೀಸಿನವರು, ಮುಟ್ಟಿದ ಹೊತ್ತನ್ನು ಇನ್ನೊಂದು ಆಫೀಸಿನವರು ಚೀಟಿಯಲ್ಲಿ ಬರೆಯುತ್ತಿದ್ದರು. ಇದಕ್ಕೆ ಕೊಟ್ಟಿದ್ದ ಅವಧಿ ಎರಡು ಗಂಟೆ ನಲವತ್ತು ನಿಮಿಷ. ತಡವಾದರೆ ಜುಲ್ಮಾನೆ.

ಆ ಕಡೆಯಿಂದ ಬರುತ್ತಿದ್ದವರು ಐವತ್ತು ದಾಟಿದ ಒಬ್ಬ ಗೌಡರು. ಸಣಕಲು ಮೈ, ಬಿಗಿದ ಕಾಸೆ, ಮಂಡಿಯಿಂದ ಕೆಳಗೆ ಬರೀ ನರ. ಇಪ್ಪತ್ತೆಂಟು ವರ್ಷ ಅದೇ ಆರು ಮೈಲಿ ಓಡಿದ್ದರು. ಇನ್ನೆರಡು ವರ್ಷ ಓಡಿದರೆ ಪಿಂಚಣಿ. ಅವರ ಹೊಲ ಕಲ್ಲುಭೂಮಿ, ಹುರುಳಿಗೂ ಮುನಿಸಿಕೊಳ್ಳುವಂಥದ್ದು; ಗಂಡ ಹೆಂಡಿರಿಬ್ಬರ ಮುಂದಿನ ಬದುಕು ಆ ಪಿಂಚಣಿಯ ಮೇಲೆ ನಿಂತಿತ್ತು.

ಮೊದಲ ದಿನ ನಾನು ಮೈಯೆಲ್ಲ ನೀರಾಗಿ ಮಂಟಪಕ್ಕೆ ಬಂದದ್ದನ್ನು ನೋಡಿ ಅವರು ತಲೆ ಚಚ್ಚಿಕೊಂಡರು. “ಲೇ, ಓಡಬ್ಯಾಡ ಕಣ್ಲಾ!” ಓಡುವ ಕೆಲಸಕ್ಕೆ ಬಂದವನಿಗೆ ಇದೆಂಥ ಉಪದೇಶ ಎಂದು ನನಗೆ ಆಶ್ಚರ್ಯ. ಅವರು ತೋರಿಸಿಕೊಟ್ಟ ಓಟ ನಡಿಗೆಗೂ ಓಟಕ್ಕೂ ನಡುವಿನದು. ಮಂಡಿ ಎತ್ತುವಂತಿಲ್ಲ, ಬಾಯಿ ತೆರೆಯುವಂತಿಲ್ಲ, ಎಡಗಾಲು ಊರಿದಾಗ ಗೆಜ್ಜೆ ಒಂದು ಸಲ ನುಡಿಯಬೇಕು. ದವಡೆಯಲ್ಲಿ ಒಂದು ಚೂರು ಬೆಲ್ಲ. ಮಂಟಪ ಮುಟ್ಟುವ ತನಕ ನೀರು ಕುಡಿಯಕೂಡದು. ಕಲಿಯಲು ನನಗೆ ಮೂರು ತಿಂಗಳು ಹಿಡಿಯಿತು. ಕಲಿತ ಮೇಲೆ ಆರು ಮೈಲಿ ಹೋಗಿ ಆರು ಮೈಲಿ ಬಂದು, ಸಂಜೆ ಹೆಂಡತಿಗೆ ಬಾವಿಯಿಂದ ನೀರು ಸೇದಿಕೊಡುವಷ್ಟು ಶಕ್ತಿ ಮಿಕ್ಕಿರುತ್ತಿತ್ತು.

ಅವರು ಕಲಿಸಿದ್ದರಲ್ಲಿ ಇನ್ನೊಂದಿತ್ತು. ಅದು ಯಾವ ಕಾನೂನು ಪುಸ್ತಕದಲ್ಲೂ ಇರಲಿಲ್ಲ, ಆದರೆ ನಮ್ಮ ಸೀಮೆಯ ರನ್ನರುಗಳೆಲ್ಲ ಪಾಲಿಸುತ್ತಿದ್ದರು: ಹೊತ್ತಿಗೆ ಮುಂಚೆ ಮುಟ್ಟಕೂಡದು. ಗಾಳಿ ತಂಪಾಗಿದ್ದು ದಾರಿ ಬೇಗ ಸವೆಯಿತೆಂದರೆ, ಊರು ಇನ್ನೂ ಅರ್ಧ ಮೈಲಿ ಇರುವಾಗಲೇ ಮರದ ಕೆಳಗೆ ನಿಂತು, ಗೆಜ್ಜೆಯನ್ನು ಮುಷ್ಟಿಯಲ್ಲಿ ಹಿಡಿದು ಸದ್ದಡಗಿಸಿ, ಹೊತ್ತಾದ ಮೇಲೆ ಊರು ಹೊಗಬೇಕು. “ಏಟೊತ್ತು ಕೊಟ್ಟವ್ರೋ ಆಟೊತ್ತು ತಗಾ. ಒಂದಿನ ನೀನು ಬಿರ್‍ರನೆ ಓಡ್ದೆ ಅನ್ನು, ನಾಳಿಕ್ಕೆ ಅದೇ ಕಾನೂನಾಯ್ತದೆ. ನಿಂಗೇನು, ಗಟ್ಟಿ ಕಾಲು ಅವೆ, ಓಡ್ತೀಯ. ನನ್ ಗತಿ?” ಎಂದರು ಗೌಡರು. ನಾನು ತಲೆಯಾಡಿಸಿದೆ.

ತಲೆಯೇನೋ ಆಡಿಸಿದೆ. ಆದರೆ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಮ್ಮೆ ಹಾಸನಕ್ಕೆ ನೆಂಟರ ಮನೆಗೆ ಹೋದಾಗ ಮೈದಾನದಲ್ಲಿ ಕಾಲೇಜು ಹುಡುಗರ ಓಟದ ಪಂದ್ಯ ನೋಡಿದೆ. ಬಿಳಿ ಚಡ್ಡಿ, ಕ್ಯಾನ್ವಾಸು ಬೂಟು. ಒಬ್ಬ ಮೇಷ್ಟರು ಗಡಿಯಾರ ಹಿಡಿದು ನಿಂತು, ಓಡಿ ಬಂದವರಿಗೆಲ್ಲ ನಿನ್ನದು ಇಷ್ಟು ನಿಮಿಷ, ನಿನ್ನದು ಇಷ್ಟು ಎಂದು ಹೇಳುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು. ವರ್ಷಕ್ಕೊಂದು ದಿನ ಓಡುವ ಈ ಹುಡುಗರಿಗೆ ತಮ್ಮ ಓಟ ಎಷ್ಟೆಂದು ಗೊತ್ತು. ದಿನಾ ಓಡಿ ಅನ್ನ ತಿನ್ನುವ ನನಗೆ ಗೊತ್ತಿಲ್ಲ! ನನ್ನ ಕಾಲಿನಲ್ಲಿ ಏನಿದೆ? ಪೂರ್ತಿ ಬಿಟ್ಟರೆ ಮಂಟಪ ಎಷ್ಟು ಹೊತ್ತಿನ ದಾರಿ? ಊಟಕ್ಕೆ ಕೂತಾಗಲೂ ಇದೇ ಯೋಚನೆ. ಹೆಂಡತಿ ಎರಡು ಸಲ ಸಾರು ಬೇಕಾ ಎಂದು ಕೇಳಿ ಮೂರನೆಯ ಸಲ ಕೇಳದೆ ಬಡಿಸಿಬಿಡುತ್ತಿದ್ದಳು.

ಹಾಗಿರುವಾಗ ಹಾಸನದಿಂದ ಟಪಾಲು ಇನ್ಸ್‌ಪೆಕ್ಟರು ಬಂದರು. ಒಬ್ಬ ಮೋಟಾರು ಮಾಲೀಕ ಮೇಲಿನವರಿಗೆ ಅರ್ಜಿ ಬರೆದಿದ್ದನಂತೆ: ನುಗ್ಗೇಹಳ್ಳಿ ಚೀಲವನ್ನು ನಮ್ಮ ಬಸ್ಸಿಗೆ ಕೊಡಿ, ರನ್ನರುಗಳು ಆಮೆಗಳು, ಎಂದು. ಇನ್ಸ್‌ಪೆಕ್ಟರು ಚೀಟಿಗಳನ್ನು ತಿರುವಿ ಹಾಕಿ, “ಆರು ಮೈಲಿಗೆ ಒಂದು ಗಂಟೆ ಇಪ್ಪತ್ತು ನಿಮಿಷ ಯಾಕಯ್ಯ ಬೇಕು?” ಎಂದರು. ನನ್ನ ಉತ್ತರಕ್ಕೆ ಕಾಯದೆ ಅವರೇ ಮುಂದುವರಿಸಿದರು: “ನಾಳೆ ಬೆಳಿಗ್ಗೆ ನಾನು ಸೈಕಲ್ಲಿನಲ್ಲಿ ಮುಂದೆ ಹೋಗಿ ಮಂಟಪದಲ್ಲಿ ಗಡಿಯಾರ ಹಿಡಿದು ಕೂತಿರ್ತೀನಿ. ನಿನ್ನ ಕೈಲಿ ಎಷ್ಟಾಗುತ್ತೋ ಓಡಿ ತೋರಿಸು.”

ಆಮೆ ಎಂದದ್ದಕ್ಕೆ ನನಗೆ ರೇಗಿತ್ತು ನಿಜ. ಚೀಲ ಬಸ್ಸಿನ ಪಾಲಾದರೆ ಇಬ್ಬರ ಅನ್ನವೂ ಹೋಗುತ್ತದೆ ಎಂಬ ಲೆಕ್ಕವೂ ಮನಸ್ಸಿನಲ್ಲಿತ್ತು. ಮುಂದೆ ಎಷ್ಟೋ ವರ್ಷ ನಾನು ಈ ಎರಡು ಕಾರಣಗಳನ್ನೇ ಜನರಿಗೆ ಹೇಳಿಕೊಂಡು ಬಂದೆ. ಈಗ ವಯಸ್ಸಾಗಿದೆ, ಸುಳ್ಳು ಯಾತಕ್ಕೆ? ನನಗೆ ತಿಳಿಯಬೇಕಾಗಿತ್ತು. ಗಡಿಯಾರ ಇರುವ ಮನುಷ್ಯ ಒಬ್ಬ ತಾನಾಗಿ ಬಂದು ಮಂಟಪದಲ್ಲಿ ಕೂರುತ್ತೇನೆಂದರೆ ಬಿಡುವುದು ಹೇಗೆ?

ಮರುದಿನ ಪೋಸ್ಟ್ ಮಾಸ್ಟರು ಏಳು ಗಂಟೆ ಎಂದು ಬರೆದು ಚೀಲ ಕೊಟ್ಟರು. ಪೇಟೆ ದಾಟುವ ತನಕ ಅಭ್ಯಾಸದ ಓಟ. ಕೆರೆ ಏರಿಯ ಮೇಲೆ ಬಂದ ಕೂಡಲೇ ಮಂಡಿ ಎತ್ತಿದೆ. ಬಾಯಿ ತೆರೆದೆ. ಗೆಜ್ಜೆ ತಾಳ ತಪ್ಪಿ ಒಂದೇ ಸಮನೆ ಗಲಗಲ ಎನ್ನತೊಡಗಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಎದ್ದು ನಿಂತು, ಏನಾಯಿತೋ ಎಂದು ನಾನು ಬಂದ ದಾರಿಯನ್ನು ನೋಡಿದರು. ಮೂರನೆಯ ಮೈಲಿಯಲ್ಲಿ ಪಕ್ಕೆ ಹಿಡಿಯಿತು, ನಾಲ್ಕನೆಯದರಲ್ಲಿ ಬಿಟ್ಟಿತು. ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ? ಚೀಲದ ಭಾರ ಇರಲಿಲ್ಲ, ಕಾಲು ನನ್ನ ಮಾತು ಕೇಳುತ್ತಿರಲಿಲ್ಲ, ತಾನೇ ಹೋಗುತ್ತಿತ್ತು. ಅಂಥ ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಈ ಮಾತನ್ನು ಹೆಂಡತಿಗೆ ಹೇಳಿ ಬೈಸಿಕೊಂಡಿದ್ದೇನೆ.

“ನಲವತ್ತೆಂಟು ನಿಮಿಷ!” ಎಂದು ಇನ್ಸ್‌ಪೆಕ್ಟರು ಗಡಿಯಾರವನ್ನು ನನ್ನ ಮುಖಕ್ಕೇ ಹಿಡಿದರು. ನಾನು ಮಂಟಪದ ಕಲ್ಲಿನ ಮೇಲೆ ಬಿದ್ದುಕೊಂಡು ಹುಚ್ಚನ ಹಾಗೆ ನಕ್ಕೆ.

ಅರ್ಧ ಗಂಟೆಯ ಮೇಲೆ ಗೌಡರ ಗೆಜ್ಜೆ ಕೇಳಿಸಿತು. ಎಡಗಾಲಿಗೊಂದು ಸದ್ದು, ಎಡಗಾಲಿಗೊಂದು ಸದ್ದು. ಅವರು ಬಂದು ಸೈಕಲ್ಲನ್ನು ನೋಡಿದರು, ಗಡಿಯಾರವನ್ನು ನೋಡಿದರು, ಆಗಲೇ ಒಣಗಿದ್ದ ನನ್ನ ಅಂಗಿಯನ್ನು ನೋಡಿದರು. ಚೀಲ ಬದಲಾಯಿಸಿಕೊಂಡು, ನೀರನ್ನೂ ಕುಡಿಯದೆ ತಿರುಗಿ ಹೊರಟರು. ನನ್ನ ನಗು ಅಲ್ಲಿಗೆ ನಿಂತಿತು.

ಬಸ್ಸಿನವನ ಅರ್ಜಿ ಬಿದ್ದುಹೋಯಿತು. ಜೊತೆಗೇ ಹೊಸ ಆಜ್ಞೆ ಬಂತು: ಇನ್ನು ಮೇಲೆ ಹನ್ನೆರಡು ಮೈಲಿಗೆ ಎರಡೇ ಗಂಟೆ. ಅಂದರೆ ಆ ಮುದುಕರೂ ಗಂಟೆಗೆ ಆರು ಮೈಲಿ ಓಡಬೇಕು. ಮೊದಲ ವಾರದಲ್ಲೇ ಅವರಿಗೆ ಮೂರು ಸಲ ಜುಲ್ಮಾನೆ ಬಿತ್ತು. ಹೀಗೇ ಆದರೆ ಕೆಲಸದಿಂದ ತೆಗೆಯುವುದಾಗಿ ಕಾಗದವೂ ಬಂತು.

ನಾನು ಮಾಡಿದ್ದನ್ನು ನಾನೇ ಸರಿಮಾಡಬೇಕಿತ್ತು. ಎರಡನೆಯ ವಾರದಿಂದ ನಾನು ಮಂಟಪದಲ್ಲಿ ನಿಲ್ಲಲಿಲ್ಲ. ಜೋರಾಗಿ ಓಡಿ, ಮಂಟಪ ದಾಟಿ, ಅವರ ದಾರಿಯಲ್ಲಿ ಇನ್ನೊಂದೂಕಾಲು ಮೈಲಿ ಹೋಗಿ ಅವರನ್ನು ಎದುರುಗೊಂಡು ಚೀಲ ಬದಲಾಯಿಸುತ್ತಿದ್ದೆ. ನನ್ನ ಪಾಲು ಬೆಳೆಯಿತು, ಅವರ ಪಾಲು ಇಳಿಯಿತು. ಎರಡೂ ಚೀಲ ಎರಡು ಗಂಟೆಯೊಳಗೆ ಮುಟ್ಟತೊಡಗಿದವು. ನನ್ನ ತೊಡೆ ಸಂಜೆಗೆ ಮರಗಟ್ಟಿ ಹೋಗುತ್ತಿತ್ತು. ಅವರ ಪಿಂಚಣಿಗೆ ಇನ್ನು ಎರಡು ವರ್ಷವೂ ಇಲ್ಲ, ತಳ್ಳಿಬಿಡೋಣ ಎಂದುಕೊಂಡೆ. ಗೌಡರು ಬೇಡ ಎನ್ನಲಿಲ್ಲ, ಸರಿ ಎನ್ನಲೂ ಇಲ್ಲ. ನಾಲ್ಕು ತಿಂಗಳು ನಮ್ಮ ನಡುವೆ ಚೀಲ ಕೈ ಬದಲಾಯಿತೇ ಹೊರತು ಮಾತು ನಡೆಯಲಿಲ್ಲ.

ನಾವು ಸಂಧಿಸುತ್ತಿದ್ದ ಜಾಗದಲ್ಲಿ ಹೊಲ ಇದ್ದ ಒಬ್ಬ ರೈತ ದಿನಾ ಇದನ್ನು ನೋಡುತ್ತಿದ್ದ. ಒಂದು ಬೆಳಿಗ್ಗೆ ಬದುವಿನ ಮೇಲೆ ನಿಂತು, “ಗೌಡ್ರೇ, ಟಪಾಲು ಇಲ್ಲಿಗಂಟ ಬಂದೈತೆ. ಇನ್ನೊಸಿ ದಿನ ತಡೀರಿ, ನಿಮ್ ಮನೆ ಬಾಕ್ಲಿಗೇ ಬತ್ತದೆ!” ಎಂದು ನಕ್ಕ. ನಾನು ಅವನಿಗೆ ಬಾಯಿಗೆ ಬಂದಂತೆ ಬೈದೆ. ಗೌಡರು ನನ್ನ ತೋಳು ಹಿಡಿದರು. “ನಾಳೆ ಮಂಟಪ ದಾಟಬ್ಯಾಡ. ದಾಟಿದ್ರೆ ನಾನು ಚೀಲ ಕೊಡಾಕಿಲ್ಲ” ಎಂದರು.

ಮರುದಿನ ನಾನು ಮಂಟಪದಲ್ಲಿ ನಿಂತೆ. ಇವತ್ತು ತಡವಾದರೆ ಇವರ ಕೆಲಸ ಹೋಯಿತು, ಪಿಂಚಣಿ ಹೋಯಿತು, ಎಲ್ಲಕ್ಕೂ ನಾನೇ ಕಾರಣ. ಅಷ್ಟರಲ್ಲಿ ಗಲಗಲ ಸದ್ದು ಬಂತು. ಅದು ಅವರ ಗೆಜ್ಜೆ ಎಂದು ನಾನು ನಂಬಲಿಲ್ಲ. ತಿರುವಿನಲ್ಲಿ ಕಂಡರು: ಮಂಡಿ ಮೇಲೆದ್ದಿದೆ, ಬಾಯಿ ತೆರೆದಿದೆ, ರುಮಾಲು ಬಿಚ್ಚಿ ಕೊರಳಿಗೆ ಸುತ್ತಿದೆ. ನನ್ನ ಚೀಲ ಕಸಿದುಕೊಂಡರು, ತಮ್ಮದನ್ನು ನನ್ನ ಹೆಗಲಿಗೆ ಎಸೆದರು, ಅದೇ ಓಟದಲ್ಲಿ ತಿರುಗಿದರು. ಅವರ ಬೆನ್ನು ಮರೆಯಾಗುವ ತನಕ ನಾನು ಅಲ್ಲೇ ನಿಂತು ನೋಡಿದೆ. ಆ ದಿನದ ಚೀಟಿ ಆಮೇಲೆ ನಮ್ಮ ಆಫೀಸಿಗೆ ಬಂತು: ಚೀಲ ನುಗ್ಗೇಹಳ್ಳಿಗೆ ಹತ್ತು ನಿಮಿಷ ಮುಂಚೆ ಮುಟ್ಟಿತ್ತು.

ಮಾರನೆಯ ಬೆಳಿಗ್ಗೆ ಆ ಕಡೆಯಿಂದ ಬಂದವನು ಬೇರೆ ಯಾರೋ ಒಬ್ಬ ಯುವಕ. ಗೌಡರ ಮಂಡಿ ಕುಂಬಳಕಾಯಿಯಷ್ಟು ಊದಿದೆ, ಇನ್ನು ಓಡಲಾರರು ಎಂದ.

ತಿಂಗಳ ನಂತರ ರಜೆ ಹಾಕಿ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಮೂವತ್ತು ವರ್ಷ ತುಂಬದ ಕಾರಣ ಪಿಂಚಣಿ ಇಲ್ಲವೆಂದು ತೀರ್ಮಾನವಾಗಿತ್ತು. ತಪ್ಪಾಯಿತು ಎನ್ನಲು ನಾನು ಬಾಯಿ ತೆರೆಯುವ ಮೊದಲೇ ಅವರು ಮುಂದಕ್ಕೆ ಬಾಗಿ, “ನಾಕ್ನೇ ಮೈಲಿ ತಾವ ಕಾಲು ತಂತಾನೇ ಓಯ್ತದಲ್ಲ, ನಿಂಗೂ ಅಂಗೇ ಆಯ್ತೇನ್ಲಾ?” ಎಂದು ಕೇಳಿದರು. ಹೌದು ಎಂದೆ. “ಇಪ್ಪತ್ತೆಂಟ್ ವರ್ಸ ನಂಗೆ ಗೊತ್ತೇ ಇರ್ನಿಲ್ಲ ಕಣ್ಲಾ” ಎಂದರು. ಮುಖದಲ್ಲಿ ನಗು ಇತ್ತು. ನನಗೆ ಅಳು ಬಂತು, ತಡೆಯಲಿಲ್ಲ.

ಅವರ ಹೆಂಡತಿ ನನ್ನ ಕೈಗೆ ಮಜ್ಜಿಗೆ ಕೊಟ್ಟು ಬಾಗಿಲಿಗೆ ಒರಗಿ ನಿಂತರು. ಆಕೆಯ ಮುಖದಲ್ಲಿ ನಗು ಇರಲಿಲ್ಲ, ಕೋಪವೂ ಇರಲಿಲ್ಲ. “ಬಾಳ ಜೋರಾಗಿ ಓಡ್ತೀಯಂತೆ ಕಣಪ್ಪ. ನನ್ ಗಂಡನ್ನೂ ಓಡುಸ್ದೆ. ಅದ್ಸರಿ, ಆ ಕಾಗ್ದಗಳಿಗೆ ಅಂತಾ ಏನ್ ಅವಸ್ರ ಇತ್ತು?” ಎಂದು ಕೇಳಿದರು.

ನಾನು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟೆ. ಚೀಲ ಒಂಬತ್ತಕ್ಕೆ ಮುಟ್ಟಲಿ, ಒಂಬತ್ತು ನಲವತ್ತಕ್ಕೆ ಮುಟ್ಟಲಿ, ನುಗ್ಗೇಹಳ್ಳಿಯ ಪೋಸ್ಟ್‌ಮ್ಯಾನು ಕಾಗದ ಹಂಚಲು ಹೊರಡುತ್ತಿದ್ದುದು ಮಧ್ಯಾಹ್ನ ಉಂಡ ಮೇಲೆ. ಅದು ನನಗೂ ಗೊತ್ತಿತ್ತು, ಗೌಡರಿಗೂ ಗೊತ್ತಿತ್ತು. ಆಕೆಗೆ ಮಾತ್ರ ನಾವಿಬ್ಬರೂ ಹೇಳಲಿಲ್ಲ.